ಮಂಡಿಗೆ ಹಚ್ಚಿದ 4 ಗ್ರಾಂ

ಕಾಫಿ ಕುಯ್ಲಿನ ತಿಂಗಳುಗಳಲ್ಲಿ ಸಕಲೇಶಪುರ, ಆಲೂರಿನ ಲೈನ್ ಮನೆಗಳ ಕಿಟಕಿಯಲ್ಲಿ ಬಾಲದಿಂದ ಸುರುಳಿ ಸುತ್ತಿದ ನೋವಿನ ಮುಲಾಮಿನ ಟ್ಯೂಬು ಕಾಣುತ್ತದೆ. ಡೈಕ್ಲೊಫೆನಾಕ್ ಜೆಲ್‌ನ 30 ಗ್ರಾಂ ಟ್ಯೂಬಿನಲ್ಲಿ ಔಷಧದ ಪಾಲು ಶೇ 1, ಅಂದರೆ 300 ಮಿಲಿಗ್ರಾಂ. 50 ಮಿಲಿಗ್ರಾಂನ 6 ಮಾತ್ರೆಗಳಿಗೆ ಅದು ಸಮ. (ಟ್ಯೂಬಿನ ಮೇಲೆ 1.16 ಎಂದು ಬರೆದಿರುವುದು ಡೈಈಥೈಲಮೈನ್ ಲವಣದ ಲೆಕ್ಕ.)

ಅಮೆರಿಕದ ಔಷಧ ಸೂಚನಾ ಪತ್ರದ ಪ್ರಕಾರ ಒಂದು ಮಂಡಿಗೆ ಸಲಕ್ಕೆ 4 ಗ್ರಾಂನಂತೆ ದಿನಕ್ಕೆ 4 ಸಲ, ಒಟ್ಟು 16 ಗ್ರಾಂ ಹಚ್ಚಬೇಕು. ಹಾಗೆ ಹಚ್ಚಿದರೆ ಟ್ಯೂಬು ಎರಡು ದಿನಕ್ಕೂ ಬರುವುದಿಲ್ಲ. ಟ್ಯೂಬಿಗೆ 100 ರೂಪಾಯಿ ಎಂದಿಟ್ಟುಕೊಂಡರೆ ಒಂದು ಮಂಡಿಗೆ ದಿನಕ್ಕೆ 53 ರೂಪಾಯಿ. ಕಡಲೆಕಾಳಿನಷ್ಟು ಹಿಂಡಿ ಸವರಿಕೊಂಡು ತೋಟಕ್ಕೆ ಇಳಿಯುವವರ ಲೆಕ್ಕ ಬೇರೆಯೇ.

ಹಚ್ಚಿದ್ದೆಲ್ಲ ಒಳಗೆ ಹೋಗುವುದಿಲ್ಲ. ದಿನಕ್ಕೆ 16 ಗ್ರಾಂ ಜೆಲ್ ಹಚ್ಚಿದಾಗ ರಕ್ತಕ್ಕೆ ಸೇರುವ ಪ್ರಮಾಣ, ದಿನಕ್ಕೆ 150 ಮಿಲಿಗ್ರಾಂ ಮಾತ್ರೆ ನುಂಗಿದಾಗ ಸೇರುವುದರ ಸುಮಾರು ಶೇ 6. ಹೊಟ್ಟೆ, ಮೂತ್ರಪಿಂಡಗಳಿಗೆ ಇದು ಲಾಭವೇ. ತಡೆಯುವುದು 10ರಿಂದ 20 ಮೈಕ್ರಾನ್ ದಪ್ಪದ ಚರ್ಮದ ಹೊರಪದರ. 500 ಡಾಲ್ಟನ್‌ಗಿಂತ (ಅಣುತೂಕದ ಮಾನ) ಭಾರವಾದ ಅಣುಗಳಿಗೆ ಅಲ್ಲಿ ದಾರಿ ಕಷ್ಟ. ಡೈಕ್ಲೊಫೆನಾಕ್ 296 ಡಾಲ್ಟನ್, ಇನ್ಸುಲಿನ್ ಸುಮಾರು 5,800.

ಆ ಇನ್ಸುಲಿನ್ನನ್ನೂ ಚರ್ಮದ ಮೂಲಕ ದಾಟಿಸಬಹುದೆಂದು 1995ರಲ್ಲಿ ಸಮೀರ್ ಮಿತ್ರಗೋತ್ರಿ, ಡೇನಿಯಲ್ ಬ್ಲಾಂಕ್‌ಶ್ಟೈನ್, ರಾಬರ್ಟ್ ಲ್ಯಾಂಗರ್ ತೋರಿಸಿದರು. ಬಳಸಿದ್ದು 20 ಕಿಲೋಹರ್ಟ್ಸ್‌ನ ಅಲ್ಟ್ರಾಸೌಂಡ್, ಅಂದರೆ ಸೆಕೆಂಡಿಗೆ 20,000 ಕಂಪನ. ಚರ್ಮದ ಮೇಲಿನ ದ್ರವದಲ್ಲಿ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಹೊರಪದರದ ಕೊಬ್ಬಿನ ಜೋಡಣೆ ಸಡಿಲವಾಗುತ್ತದೆ. ಈ ವಿಧಾನಕ್ಕೆ ಸೋನೋಫೊರೆಸಿಸ್ ಎಂದು ಹೆಸರು.

ಫಿಸಿಯೋಥೆರಪಿ ಕೋಣೆಯ ಯಂತ್ರವೂ ಅಲ್ಟ್ರಾಸೌಂಡೇ. ಆದರೆ ಅದು ಸಾಮಾನ್ಯವಾಗಿ 1 ಅಥವಾ 3 ಮೆಗಾಹರ್ಟ್ಸ್, ಕನಿಷ್ಠ 50 ಪಟ್ಟು ಹೆಚ್ಚು ಕಂಪನ. ಕಂಪನ ಹೆಚ್ಚಿದಷ್ಟೂ ಗುಳ್ಳೆ ಹುಟ್ಟುವುದು ಕಷ್ಟ. 1996ರ ಅಳತೆಯಲ್ಲಿ ಕಡಿಮೆ ಕಂಪನದ ಅಲ್ಟ್ರಾಸೌಂಡ್ ಚಿಕಿತ್ಸಾ ಯಂತ್ರಕ್ಕಿಂತ 1,000 ಪಟ್ಟಿನವರೆಗೆ ಹೆಚ್ಚು ಪರಿಣಾಮ ಕೊಟ್ಟಿತ್ತು. ಮುಲಾಮು ಹಚ್ಚಿ 1 ಮೆಗಾಹರ್ಟ್ಸ್‌ನ ಯಂತ್ರ ಆಡಿಸುವ ಚಿಕಿತ್ಸೆಯ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ.

55 ಕಿಲೋಹರ್ಟ್ಸ್‌ನ ಸೋನೋಪ್ರೆಪ್ ಸಾಧನಕ್ಕೆ ಅಮೆರಿಕದಲ್ಲಿ 2004ರಲ್ಲಿ ಅನುಮತಿ ದೊರೆಯಿತು. ಅದನ್ನು ಬಳಸಿದಾಗ, ಸೂಜಿ ಚುಚ್ಚುವ ಮುನ್ನ ಹಚ್ಚುವ ಮರಗಟ್ಟಿಸುವ ಕ್ರೀಮು 60 ನಿಮಿಷದ ಬದಲು 5 ನಿಮಿಷದಲ್ಲಿ ಕೆಲಸ ಮಾಡಿತು. 2023ರಲ್ಲಿ ಎಂಐಟಿಯ ಅಲ್ಟ್ರಾಸೌಂಡ್ ಪಟ್ಟಿ ಹಂದಿಯ ಚರ್ಮದಲ್ಲಿ ನಿಯಾಸಿನಮೈಡ್‌ನ (ವಿಟಮಿನ್ ಬಿ3ಯ ಒಂದು ರೂಪ) ಪ್ರವೇಶವನ್ನು 26 ಪಟ್ಟು ಹೆಚ್ಚಿಸಿತು. ಈ 26ರಿಂದ ಮೇಲಿನ ಶೇ 6ನ್ನು ಗುಣಿಸಿದರೆ ಶೇ 156 ಬರುತ್ತದೆ. ಆದರೆ ನಿಯಾಸಿನಮೈಡ್ 122 ಡಾಲ್ಟನ್‌ನ ಅಣು, ಅದರ ಪಟ್ಟು ಡೈಕ್ಲೊಫೆನಾಕ್‌ಗೆ ಹೊಂದುವುದಿಲ್ಲ.

ಫಿಸಿಯೋಥೆರಪಿಗೆಂದು ಹೊರಟರೆ ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ. ಹೋಗಿ ಬರಲು 80. ಯಂತ್ರ ಮಂಡಿಯ ಮೇಲೆ ಆಡುವುದು 5ರಿಂದ 10 ನಿಮಿಷ. ಕುಯ್ಲಿನ ದಿನವಾದರೆ ಅಂದಿನ ಕೂಲಿಯೂ ಆ ಲೆಕ್ಕಕ್ಕೇ ಸೇರುತ್ತದೆ.