ದವಾಖಾನೆಯಲ್ಲಿ ಮನೆಯವರ ಕೈ

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್. ದೊಡ್ಡ ಕಾಯಿಲೆ ಬಂದರೆ ಅಕ್ಕಲಕೋಟೆಯವರಷ್ಟೇ ಅಲ್ಲ, ಗಡಿಯಾಚೆಯ ಇಂಡಿ, ಅಫಜಲಪುರದವರೂ ಸೊಲ್ಲಾಪುರದ ದವಾಖಾನೆಗಳ ದಾರಿ ಹಿಡಿಯುತ್ತಾರೆ. ರೋಗಿಯ ಜೊತೆ ಮಗಳೋ ಸೊಸೆಯೋ ಬಂದಿರುತ್ತಾಳೆ. ಚೀಲದಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಹೊದೆಯಲು ಸೊಲ್ಲಾಪುರಿ ಚಾದರ, ಒಂದೆರಡು ಟವೆಲ್.

ವಾರ್ಡಿನಲ್ಲಿ ಅರ್ಧ ಶುಶ್ರೂಷೆ ಈಕೆಯದೇ. ಬೆಡ್‌ಪ್ಯಾನ್ ಇಡುವುದು, ಒರೆಸುವುದು, ಮಗ್ಗುಲು ಹೊರಳಿಸುವುದು, ಆಮೇಲೆ ರೊಟ್ಟಿ ಮುರಿದು ಉಣಿಸುವುದು. ಕರುಳಿನ ಬ್ಯಾಕ್ಟೀರಿಯಾಗಳು ಸಾಗುವುದೂ ಇದೇ ದಾರಿಯಲ್ಲಿ: ಮಲದಿಂದ ಕೈಗೆ, ಕೈಯಿಂದ ಬಾಯಿಗೆ. ನಡುವೆ ಮಂಚದ ಸರಳು, ನಲ್ಲಿ, ಬಾಗಿಲ ಚಿಲಕ, ಒಣಗದ ಟವೆಲ್. ನರ್ಸ್, ಡಾಕ್ಟರರ ಕೈತೊಳೆತದ ಬಗ್ಗೆ ಆಸ್ಪತ್ರೆಗಳಲ್ಲಿ ನಿಯಮಗಳಿವೆ. ಮನೆಯವರಿಗೆ ಹೇಳಿಕೊಡುವವರು ಕಡಿಮೆ. ದೊಡ್ಡ ಕೊರತೆ ಇಲ್ಲೇ ಇದೆ.

ಈ ಬ್ಯಾಕ್ಟೀರಿಯಾ ಹೊತ್ತವರೆಲ್ಲ ಕಾಯಿಲೆ ಬಿದ್ದಿರುವುದಿಲ್ಲ; ಔಷಧಕ್ಕೆ ಬಗ್ಗದವೂ ಕರುಳಿನಲ್ಲಿ ಸದ್ದಿಲ್ಲದೆ ಇರಬಲ್ಲವು. ದೆಹಲಿಯಲ್ಲಿ ಆಸ್ಪತ್ರೆಗೆ ದಾಖಲಾಗಿದ್ದ ಭಾರತೀಯ ಮೂಲದ ರೋಗಿಯೊಬ್ಬರನ್ನು 2008ರಲ್ಲಿ ಸ್ವೀಡನ್ನಿನಲ್ಲಿ ಪರೀಕ್ಷಿಸಿದಾಗ, ಅವರ ಮೂತ್ರದಲ್ಲಿ ಪ್ರಬಲ ಆ್ಯಂಟಿಬಯಾಟಿಕ್‌ಗಳಿಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಮುಂದೆ ಅವರ ಮಲದಲ್ಲಿದ್ದ ಇ. ಕೋಲೈ ಎಂಬ ಬ್ಯಾಕ್ಟೀರಿಯಾದಲ್ಲೂ ಔಷಧವನ್ನು ತಡೆಯುವ ಅದೇ ಜೀನ್ ಕಂಡಿತು. ಒಂದು ಜಾತಿಯ ಬ್ಯಾಕ್ಟೀರಿಯಾ ಇಂಥ ಜೀನನ್ನು ಮತ್ತೊಂದಕ್ಕೆ ದಾಟಿಸಬಲ್ಲದು. ಅದಕ್ಕೆ ಕರುಳೇ ಅನುಕೂಲದ ಜಾಗ.

ಸಿ. ಡಿಫಿಸೈಲ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ರೀತಿ ಬೇರೆ. ಆ್ಯಂಟಿಬಯಾಟಿಕ್ ಕೊಟ್ಟಾಗ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ತೆರವಾದ ಜಾಗದಲ್ಲಿ ಇದು ಬೆಳೆದು ವಿಷ ಕಾರುತ್ತದೆ. ತೀವ್ರ ಭೇದಿ ಹತ್ತುತ್ತದೆ. 1978ರಲ್ಲಿ ವಿಜ್ಞಾನಿಗಳು ಈ ನಂಟನ್ನು ಗುರುತಿಸಿದರು. ಮಲದ ಜೊತೆ ಹೊರಬಿದ್ದ ಇದರ ಬೀಜಕಗಳು ಗಟ್ಟಿ ಕವಚದೊಳಗೆ ತಿಂಗಳುಗಟ್ಟಲೆ ಉಳಿಯುತ್ತವೆ. ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಅವು ಸಾಯುವುದಿಲ್ಲ! ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತಿಕ್ಕಿ ತೊಳೆದರೆ ಕೈಯಿಂದ ಜಾರಿ ಹೋಗುತ್ತವೆ. ನೆಲ, ಮಂಚಗಳಿಗೆ ಬ್ಲೀಚಿಂಗ್ ದ್ರಾವಣವೇ ಬೇಕು. ಭೇದಿಯ ರೋಗಿಯಿರುವ ವಾರ್ಡಿನಲ್ಲಿ ಗೋಡೆಗೆ ಸ್ಯಾನಿಟೈಸರ್ ಬಾಟಲಿ ತೂಗುಹಾಕಿದರೆ ಸಾಲದು, ಮನೆಯವರ ಕೈಗೆಟುಕುವಲ್ಲಿ ನಲ್ಲಿ, ಸೋಪು ಇರಬೇಕು.

ಕೈ ತೊಳೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹೊತ್ತು 40ರಿಂದ 60 ಸೆಕೆಂಡು. ಬೆರಳ ಸಂದಿ, ಉಗುರ ತುದಿ, ಹೆಬ್ಬೆರಳ ಬುಡ ಬಿಡುವಂತಿಲ್ಲ. ತೊಳೆದ ಕೈಯನ್ನು ರೋಗಿಯನ್ನು ಒರೆಸಿದ ಟವೆಲ್ಲಿಗೇ ಒರೆಸಿಕೊಂಡರೆ ತೊಳೆದದ್ದು ವ್ಯರ್ಥ.

ಭೇದಿ ನಿಂತ ಮೇಲೂ ಈ ಬೀಜಕಗಳು ಮಲದಲ್ಲಿ ಕೆಲಕಾಲ ಬರುತ್ತಿರಬಹುದು. ಹಾಗಾಗಿ ಡಿಸ್ಚಾರ್ಜ್ ಆಗಿ ಊರಿಗೆ ಮರಳಿದವರ ಟವೆಲ್ ಮನೆಯಲ್ಲೂ ಬೇರೆಯೇ ಇರಲಿ. ಅವರಿಗೆ ಮತ್ತೆ ಭೇದಿ ಶುರುವಾದರೆ ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿಸಿ ಸುಮ್ಮನಾಗದೆ, ಆಸ್ಪತ್ರೆಯಲ್ಲಿ ಕೊಟ್ಟ ಆ್ಯಂಟಿಬಯಾಟಿಕ್ ಚೀಟಿಯನ್ನು ಡಾಕ್ಟರಿಗೆ ತೋರಿಸಬೇಕು.