ಓಟು ನಮ್ದು, ಪಟ್ಟಿ ಅವರ್ದು

2024ರ ಮಾರ್ಚ್. ಊರಿಗೆ, ಗಜೇಂದ್ರಗಡಕ್ಕೆ ಬಂದಿದ್ದೆ. ಚಹಾದಂಗಡಿಯಲ್ಲಿ ಕಾಕಾ ಕೇಳಿದರು: ‘ತಮ್ಮಾ, ಟಿಕೆಟ್ ಯಾರಿಗಂತ? ಮೊಬೈಲ್‌ನ್ಯಾಗ ನೋಡಿ ಹೇಳು.’

‘ದಿಲ್ಲಿಯಿಂದ ಪಟ್ಟಿ ಬರಬೇಕ್ರಿ ಕಾಕಾ.’

‘ಓಟು ನಮ್ದು, ಪಟ್ಟಿ ಅವರ್ದು’ ಎಂದು ನಕ್ಕರು. ಅದು ನನ್ನ ಮೊದಲ ಲೋಕಸಭಾ ಓಟು. ನನಗೆ ನಗು ಬರಲಿಲ್ಲ.

ನಮ್ಮ ಗದಗ ಜಿಲ್ಲೆಯದೇ ಒಂದು ವಿಚಿತ್ರ. ರೋಣ, ಗಜೇಂದ್ರಗಡದವರು ಹಾವೇರಿ ಕ್ಷೇತ್ರದ ಮತದಾರರು. ನರಗುಂದದ ನಮ್ಮ ಸೋದರತ್ತೆ ಬಾಗಲಕೋಟೆಯವರು. ಆ ಸಲ ಎರಡೂ ಕಡೆ ಟಿಕೆಟ್ ಮುನಿಸು. ಮಗ ಕಾಂತೇಶ್‌ಗೆ ಹಾವೇರಿಯಲ್ಲಿ ಬಿಜೆಪಿ ಟಿಕೆಟ್ ಸಿಗಲಿಲ್ಲವೆಂದು ಈಶ್ವರಪ್ಪ ಶಿವಮೊಗ್ಗದಲ್ಲಿ ಬಂಡಾಯ ಸ್ಪರ್ಧೆಗಿಳಿದರು. ಬಾಗಲಕೋಟೆಯಲ್ಲಿ ಕಾಂಗ್ರೆಸ್ ಟಿಕೆಟ್ ಕೈತಪ್ಪಿದ ವೀಣಾ ಕಾಶಪ್ಪನವರ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು.

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಪ್ರೈಮರಿ ಚುನಾವಣೆಯಲ್ಲಿ ಮತದಾರರೇ ಹೇಳುತ್ತಾರೆ. ನಮ್ಮ ರಾಜ್ಯದಲ್ಲೂ ಇದು ಒಮ್ಮೆ ನಡೆದಿತ್ತು ಅಂದರೆ ಗೆಳೆಯರು ನಂಬಲಿಲ್ಲ. 2014ರಲ್ಲಿ ರಾಹುಲ್ ಗಾಂಧಿ ದೇಶದ ಕೆಲವೇ ಕ್ಷೇತ್ರಗಳಲ್ಲಿ ಮಾಡಿದ ಪ್ರಯೋಗವದು. ಇಲ್ಲಿ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ. ಓಟು ಹಾಕಿದ್ದು ಜನರಲ್ಲ, ಪಕ್ಷದ ಪದಾಧಿಕಾರಿಗಳು ಮತ್ತು ಪ್ರತಿನಿಧಿಗಳು. ಆದರೂ ಕೈ ಎತ್ತಿಸದೆ ಮತಪೆಟ್ಟಿಗೆ ಇಟ್ಟರಲ್ಲ! ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿ ಗೆದ್ದರು. ಮುಂದೆ ಚುನಾವಣೆಯಲ್ಲಿ ಸದಾನಂದ ಗೌಡ, ನಳಿನ್ ಕುಮಾರ್ ಕಟೀಲ್ ಎದುರು ಇಬ್ಬರೂ ಸೋತರು. ಪ್ರಯೋಗವೂ ಅಲ್ಲಿಗೇ ನಿಂತಿತು.

ಲ್ಯಾಬ್‌ನಲ್ಲಿ ಮೊದಲ ರೀಡಿಂಗ್ ತಪ್ಪಿದರೆ ನಮ್ಮ ಸರ್ ಮೀಟರ್ ಎಸೆಯಿರಿ ಅನ್ನುವುದಿಲ್ಲ. ಕನೆಕ್ಷನ್ ನೋಡಿ ಮತ್ತೊಮ್ಮೆ ತೆಗೆಯಿರಿ ಅನ್ನುತ್ತಾರೆ.

ಮೇ 7ರಂದು ಸರದಿಯಲ್ಲಿ ನಿಂತು ಓಟು ಹಾಕಿ ಬಂದೆ. ಈಗ ಜಿಲ್ಲಾ ಪಂಚಾಯಿತಿ ಚುನಾವಣೆಯ ಮಾತು. ಮೊನ್ನೆ ಕಾಕಾ ಫೋನ್ ಮಾಡಿದ್ದರು: ‘ತಮ್ಮಾ, ಟಿಕೆಟ್ ಯಾರಿಗಂತ?’