ಮಾರ್ಲಾಮಿಯಿಂದ ದೀಪಾವಳಿಗೆ: ಮಾದಪ್ಪನ ಸೀಮೆಯ ಹಾಡಿನ ಕಾಲ

ಭಾದ್ರಪದ ಮುಗಿಯುತ್ತಾ ಬಂದಂತೆ ಕೊಳ್ಳೇಗಾಲ–ಹನೂರು ರಸ್ತೆಯ ಚಹರೆಯೇ ಬೇರೆಯಾಗುತ್ತದೆ. ಬರಿಗಾಲಲ್ಲಿ ಗುಂಪುಗುಂಪಾಗಿ ಹೊರಟವರು, ತಲೆಯ ಮೇಲೆ ದಿನಸಿಯ ಗಂಟು, ಹೆಗಲಲ್ಲಿ ಜೋಳಿಗೆ, ನಡುನಡುವೆ ಏಳುವ ‘ಉಘೇ ಮಾದಪ್ಪ’ ಎಂಬ ಕೂಗು. ಕೊಳ್ಳೇಗಾಲದಿಂದ ಮಾದಪ್ಪ ನೆಲೆಸಿದ ಮಲೆ ಮಹದೇಶ್ವರ ಬೆಟ್ಟಕ್ಕೆ ಸುಮಾರು 80 ಕಿಲೋಮೀಟರ್. ಬಸ್ಸುಗಳಿಗೆ ಕೊರತೆಯಿಲ್ಲ. ಆದರೂ ಹರಕೆ ಹೊತ್ತವರು ಕೌದಳ್ಳಿ ದಾಟಿ, ತಾಳುಬೆಟ್ಟದಲ್ಲಿ ಒಲೆ ಹೂಡಿ ಉಂಡು, ಕಾಡಿನ ಏರು ಹತ್ತಿಯೇ ಮಹಾಲಯ ಅಮಾವಾಸ್ಯೆಯ ಎಣ್ಣೆಮಜ್ಜನಕ್ಕೆ ಸೇರುತ್ತಾರೆ.

ಅತ್ತ ಊರುಗಳಲ್ಲಿ ಅದೇ ಹೊತ್ತಿಗೆ ಮಾರ್ಲಾಮಿ. ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ, ಇಷ್ಟದ ಅಡುಗೆ ಇಟ್ಟು ಎಡೆ ಹಾಕುವ ಹಬ್ಬ. ಹೊಲದಲ್ಲಿ ರಾಗಿ ತೆನೆಗಟ್ಟುತ್ತಿರುತ್ತದೆ, ಹಿಂಗಾರಿನ ಮೋಡ ಬೆಟ್ಟದ ಮೇಲೆ ನಿಂತಿರುತ್ತದೆ. ಅಲ್ಲಿಂದ ನವರಾತ್ರಿ, ದೀಪಾವಳಿ, ನವೆಂಬರ್ ಒಂದರ ರಾಜ್ಯೋತ್ಸವ, ಕಾರ್ತಿಕದ ಸೋಮವಾರಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಶರತ್ಕಾಲ ಇದು. ಈ ಕಾಲದ ಕಲೆಯನ್ನು ಇಲ್ಲಿ ಮುಖ್ಯವಾಗಿ ಹಿಡಿದು ನಿಲ್ಲಿಸಿರುವುದು ರಂಗಮಂದಿರವಲ್ಲ, ಟಿಕೆಟ್ಟಲ್ಲ, ಸಹಾಯಧನವೂ ಅಲ್ಲ. ಹರಕೆ. ಈ ಸೀಮೆಯ ಹಾಡು, ಕುಣಿತ, ಕಥೆ ಏನನ್ನೇ ಅರ್ಥ ಮಾಡಿಕೊಳ್ಳಬೇಕಾದರೂ ಈ ಒಂದು ಸಂಗತಿಯಿಂದಲೇ ಶುರುಮಾಡಬೇಕು.

ಕಂಸಾಳೆಯನ್ನೇ ನೋಡಿ. ಎಡಗೈಯಲ್ಲಿ ಹಿಡಿಯುವುದು ಬಟ್ಟಲಿನಂಥ ಕಂಚಿನ ತಾಳ. ಬಲಗೈಯದು ಚಪ್ಪಟೆ, ಅದರ ನಡುವಿನಿಂದ ಹೊರಟ ದಾರಕ್ಕೆ ಬಣ್ಣದ ಗೊಂಡೆ. ದಾರ ಹಿಡಿದು ಬೀಸಿದರೆ ತಾಳ ಗಾಳಿಯಲ್ಲಿ ಸುತ್ತಿ ಬಂದು ಬಟ್ಟಲಿಗೆ ತಾಕಿ ಸದ್ದು ಹುಟ್ಟುತ್ತದೆ. ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ, ಪಕ್ಕದವನ ಬಟ್ಟಲಿಗೆ, ಹೀಗೆ ಬೀಸುತ್ತಾ ಕುಣಿಯುವುದೇ ಬೀಸು ಕಂಸಾಳೆ. ಒಂದು ಗಳಿಗೆ ಲಯ ತಪ್ಪಿದರೆ ಕಂಚು ಪಕ್ಕದವನ ಹಣೆಗೆ ಬಡಿಯುತ್ತದೆ. ಮೈಸೂರು ದಸರೆಯ ಮೆರವಣಿಗೆಯಲ್ಲಿ ಜನ ಕಣ್ಣರಳಿಸಿ ನೋಡುವುದು ಇದನ್ನೇ.

ಆದರೆ ಕಂಸಾಳೆ ಎಂದರೆ ಬರೀ ಕುಣಿತವಲ್ಲ. ಅದನ್ನು ಹಿಡಿಯುವವರು ದೇವರಗುಡ್ಡರು. ಮಾದಪ್ಪನ ಹೆಸರಿನಲ್ಲಿ ಗುರುವಿನಿಂದ ದೀಕ್ಷೆ ಪಡೆದು, ರುದ್ರಾಕ್ಷಿ ಕಟ್ಟಿ, ಜೋಳಿಗೆ–ಬೆತ್ತ ಹಿಡಿದು, ಗೊತ್ತಾದ ದಿನಗಳಲ್ಲಿ ಮನೆಮನೆಗೆ ಹೋಗಿ ಭಿಕ್ಷೆ ಬೇಡಿ ಹಾಡಬೇಕೆಂಬ ಕಟ್ಟುಪಾಡಿಗೆ ಒಳಗಾದವರು. ಇವರಲ್ಲಿ ಹಾಲುಮತದವರು ಹೆಚ್ಚು, ಬೇರೆ ಸಮುದಾಯದವರೂ ಇದ್ದಾರೆ. ಮಗು ಹುಟ್ಟಲೆಂದು, ಕಾಯಿಲೆ ವಾಸಿಯಾಗಲೆಂದು ತಂದೆತಾಯಿ ಹೊತ್ತ ಹರಕೆಯಿಂದ ಗುಡ್ಡರಾದವರುಂಟು. ಅಂಥವರಿಗೆ ಹಾಡು ಹವ್ಯಾಸವಲ್ಲ, ಸಲ್ಲಿಸಬೇಕಾದ ಋಣ.

ಅವರು ಕೂತು ಹಾಡುವ ಕಥೆ ಕನ್ನಡದ ದೊಡ್ಡ ಮೌಖಿಕ ಮಹಾಕಾವ್ಯಗಳಲ್ಲಿ ಒಂದು. ಉತ್ತರ ದೇಶದಿಂದ ಬಂದ ಮಾದೇಶ್ವರ ಸುತ್ತೂರು, ಕುಂತೂರು ಮಠಗಳನ್ನು ಹಾದು, ಹುಲಿಯನ್ನೇರಿ, ಎಪ್ಪತ್ತೇಳು ಮಲೆಗಳ ನಡುಮಲೆಯಲ್ಲಿ ನೆಲೆಸುವವರೆಗಿನ ಕಥೆ. ದಮ್ಮಡಿ, ಏಕತಾರಿಯ ಹಿಮ್ಮೇಳದಲ್ಲಿ ಪೂರ್ತಿ ಹಾಡುತ್ತಾ ಹೋದರೆ ರಾತ್ರಿಗಳೇ ಬೇಕು. ಅದಕ್ಕೇ ಕಥೆಯನ್ನು ‘ಸಾಲು’ಗಳಾಗಿ ಬಿಡಿಸಿ ಹಾಡುವುದು ರೂಢಿ. ಪಿ. ಕೆ. ರಾಜಶೇಖರ ಇದನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು; ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ ಹೊರತಂದಿತು.

ಸಾಲುಗಳಲ್ಲಿ ಜನರಿಗೆ ಬಹಳ ಹತ್ತಿರದ್ದು ಸಂಕಮ್ಮನ ಸಾಲು. ಕಾಡಿಗೆ ಹೊರಟ ಸೋಲಿಗ ಬುಡಕಟ್ಟಿನ ನೀಲಯ್ಯ, ತಾನಿಲ್ಲದಾಗ ಶೀಲ ಕಾಯ್ದುಕೊಳ್ಳುವುದಾಗಿ ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ತಪ್ಪು ಮಾಡದವಳು ಭಾಷೆ ಏಕೆ ಕೊಡಬೇಕೆಂದು ಸಂಕಮ್ಮ ಒಪ್ಪುವುದಿಲ್ಲ. ಅವನು ಕೊಟ್ಟ ಹಿಂಸೆಗೆ ಲೆಕ್ಕವಿಲ್ಲ. ಕೊನೆಗೆ ಮಾದಪ್ಪನೇ ಬಂದು ಅವಳನ್ನು ಬಿಡಿಸಿ, ಕಾರಯ್ಯ–ಬಿಲ್ಲಯ್ಯ ಎಂಬ ಮಕ್ಕಳ ವರ ಕೊಡುತ್ತಾನೆ. ಗಂಡನ ಅನುಮಾನಕ್ಕೆ ತಲೆಬಾಗದ ಇಂಥ ಹೆಣ್ಣನ್ನು ಹಳ್ಳಿಯ ಜಗುಲಿಯ ಮೇಲೆ ಇರುಳಿಡೀ ಹಾಡಿ ಗೌರವಿಸಿದ ಪರಂಪರೆ ಇದು. ಕನ್ನಡದ ಯಾವ ಲಿಖಿತ ಕಾವ್ಯದ ಪಕ್ಕದಲ್ಲಿಟ್ಟರೂ ಸಂಕಮ್ಮ ಕುಗ್ಗುವವಳಲ್ಲ.

ಇದೇ ಸೀಮೆಯ ಇನ್ನೊಂದು ಧಾರೆ ನೀಲಗಾರರದು. ಸಂತರಾದ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಒಕ್ಕಲಾಗಿ ದೀಕ್ಷೆ ಪಡೆದು ತಂಬೂರಿ, ಗಗ್ಗರ, ದಮ್ಮಡಿ ಹಿಡಿದು ಹಾಡುವವರು. ಅವರ ದೊಡ್ಡ ಜಾತ್ರೆ ಚಿಕ್ಕಲ್ಲೂರಿನಲ್ಲಿ, ಅದು ಸುಗ್ಗಿಯ ಹೊತ್ತಿನದು. ಎಚ್. ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ನಾಟಕ ನೋಡಿದ ಪೇಟೆಯ ಜನಕ್ಕೆ ಅದರ ಬೇರು ಈ ತಂಬೂರಿಯವರ ಪದಗಳಲ್ಲಿದೆ ಎಂಬುದು ಗೊತ್ತಿರಬೇಕು.

ದೀಪಾವಳಿಗೆ ಬೆಟ್ಟ ಮತ್ತೆ ತುಂಬುತ್ತದೆ. ಕರ್ನಾಟಕದವರಷ್ಟೇ ಅಲ್ಲ, ಗಡಿಯಾಚೆಯ ಸೇಲಂ, ಈರೋಡು, ಧರ್ಮಪುರಿ ಕಡೆಯವರೂ ಬರುತ್ತಾರೆ. ಹುಲಿವಾಹನ, ಬಸವವಾಹನ, ರುದ್ರಾಕ್ಷಿ ಮಂಟಪದ ಸೇವೆಗಳು ಎಡೆಬಿಡದೆ ನಡೆಯುತ್ತವೆ. ಬಲಿಪಾಡ್ಯಮಿಯಂದು ತೇರು. ಈ ಜಾತ್ರೆಯಲ್ಲಿ ನೋಡಲೇಬೇಕಾದದ್ದು ಹಾಲರವಿ ಉತ್ಸವ. ಮಾದಪ್ಪನ ಪೂಜೆ ಮಾಡುವ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಉಪವಾಸವಿದ್ದು, ಕಾಡಿನೊಳಗಿನ ಹಾಲರವಿ ಹಳ್ಳಕ್ಕೆ ಹೋಗಿ, ಕಳಸಗಳಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು ಬರಿಗಾಲಲ್ಲಿ ದೇವಸ್ಥಾನಕ್ಕೆ ತರುತ್ತಾರೆ. ಆ ನೀರಿನಿಂದ ಅಭಿಷೇಕ. ಕಾಡುಹಾದಿಯ ಉದ್ದಕ್ಕೂ ಸತ್ತಿಗೆ, ಸೂರಿಪಾನಿ, ವಾದ್ಯ. ಸಾವಿರಾರು ಜನ ಕೈಮುಗಿದು ಇಕ್ಕೆಲಗಳಲ್ಲಿ ನಿಂತಿರುವಾಗ ಇಡೀ ಜಾತ್ರೆಯ ನಡುವಿನಲ್ಲಿರುವವರು ಶಾಲೆಗೆ ಹೋಗುವ ವಯಸ್ಸಿನ ಈ ಹುಡುಗಿಯರು. 2023ರಲ್ಲಿ ಬೆಟ್ಟದಲ್ಲಿ ಹುಲಿಯ ಮೇಲೆ ಕೂತ ಮಾದಪ್ಪನ 108 ಅಡಿ ಎತ್ತರದ ಪ್ರತಿಮೆ ಎದ್ದಿತು. ಪ್ರತಿಮೆಯ ಮುಂದೆ ಫೋಟೊ ತೆಗೆಸಿಕೊಳ್ಳುವವರು ಹಾಲರವಿಯ ದಾರಿಯನ್ನೂ ಒಮ್ಮೆ ನೋಡಿದರೆ ಬೆಟ್ಟದ ಸ್ವಭಾವ ತಿಳಿಯುತ್ತದೆ.



ಯಳಂದೂರಿನ ಬಾಳು ಬೇರೆ ಬಗೆಯದು. ಸುವರ್ಣಾವತಿಯ ದಡದ ಈ ಊರು ಹದಿನಾಡು ಪಾಳೆಯಗಾರರ ರಾಜಧಾನಿಯಾಗಿತ್ತು. ಗೌರೀಶ್ವರ ದೇವಸ್ಥಾನದ ಬಳೆಮಂಟಪದಲ್ಲಿ ಕಲ್ಲನ್ನೇ ಬಳೆಗಳಾಗಿ ಕೊರೆದು ಒಂದರೊಳಗೊಂದು ತೂಗುಬಿಟ್ಟ ಸರಪಣಿಗಳಿವೆ. 17ನೆಯ ಶತಮಾನದಲ್ಲಿ ‘ಹದಿಬದೆಯ ಧರ್ಮ’ ಬರೆದ ಸಂಚಿಯ ಹೊನ್ನಮ್ಮ ಈ ಊರಿನವಳು; ಕವಿ ಷಡಕ್ಷರದೇವನ ನಂಟೂ ಈ ಊರಿಗಿದೆ. ಹೊನ್ನಮ್ಮ ಆರಿಸಿಕೊಂಡದ್ದು ಸಾಂಗತ್ಯವನ್ನು, ಅಂದರೆ ಹಾಡುವುದಕ್ಕೆ ಒಗ್ಗುವ ಛಂದಸ್ಸನ್ನು. ಬರೆದದ್ದೂ ಇಲ್ಲಿ ಹಾಡಿಗೇ ಹತ್ತಿರ.

ಯಳಂದೂರಿನಿಂದ ಮೇಲೆ ಹತ್ತಿದರೆ ಬಿಳಿಗಿರಿರಂಗನ ಬೆಟ್ಟ, ಸೋಲಿಗರ ಪೋಡುಗಳು, ಅಂದರೆ ಹಾಡಿಗಳು. ಸೋಲಿಗರ ಹುಡುಗಿ ಕುಸುಮಾಲೆಯನ್ನು ಕೈಹಿಡಿದ ಬೆಟ್ಟದ ದೇವರು ರಂಗಪ್ಪ ಅವರಿಗೆ ಭಾವ. ಗಂಡಸರು ಹೆಂಗಸರು ಸಾಲುಗಟ್ಟಿ ಹಾಡುತ್ತಾ ಕುಣಿಯುವ ಗೊರುಕನ ಅವರ ಕೂಡುಕುಣಿತ. 1981ರಲ್ಲಿ ವೈದ್ಯ ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರೋಗ್ಯ, ಶಿಕ್ಷಣದ ಜೊತೆಗೆ ಇವರ ಬದುಕನ್ನು ಹೊರಲೋಕಕ್ಕೆ ಪರಿಚಯಿಸಿತು. 2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೂ ಮನ್ನಣೆ ಸಿಕ್ಕಿತು. ಹಾಡಿನಲ್ಲಿ ಬರುವ ಮರ, ಕಲ್ಲು, ಹಳ್ಳಗಳು ಅವರ ಕೈಗೆ ಸಿಗುವಂತಿದ್ದರೆ ಮಾತ್ರ ಆ ಹಾಡಿಗೆ ಅರ್ಥ. ಹಾಗಾಗಿ ಕಾಡಿನ ಹಕ್ಕಿನ ಪ್ರಶ್ನೆ ಕಲೆಯ ಪ್ರಶ್ನೆಯೂ ಹೌದು.

ನವೆಂಬರ್ ಒಂದು ಕೊಳ್ಳೇಗಾಲಕ್ಕೆ ವಿಶೇಷ ದಿನ. 1799ರಲ್ಲಿ ಟಿಪ್ಪು ಸೋತ ಮೇಲೆ ಬ್ರಿಟಿಷರ ಪಾಲಾದ ಕೊಳ್ಳೇಗಾಲ, ಮದರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕಾಗಿತ್ತು. ಪಕ್ಕದ ಯಳಂದೂರು ಮೈಸೂರು ಸಂಸ್ಥಾನದಲ್ಲಿ. ಒಂದೇ ಮಾತು, ಒಂದೇ ದೇವರು, ನೆಂಟಸ್ತನ ಇದ್ದೂ ಸರ್ಕಾರ ಮಾತ್ರ ಎರಡು. 1956ರ ನವೆಂಬರ್ 1ರಂದು ಇವೆರಡೂ ಒಂದೇ ರಾಜ್ಯಕ್ಕೆ ಸೇರಿದವು. 1997ರಲ್ಲಿ ಇವೆರಡನ್ನೂ ಒಳಗೊಂಡ ಚಾಮರಾಜನಗರ ಜಿಲ್ಲೆಯಾಯಿತು. ಆಮೇಲೆ ಕೊಳ್ಳೇಗಾಲದಿಂದ ಒಡೆದು ಹನೂರು ತಾಲ್ಲೂಕಾಯಿತು. ಹನೂರು ಸೀಮೆಯ ಸಿಂಗಾನಲ್ಲೂರಿನ ಹೆಸರನ್ನು ಕನ್ನಡ ರಂಗಭೂಮಿಗೆ ಹೊತ್ತೊಯ್ದವರು ಗುಬ್ಬಿ ಕಂಪನಿಯ ನಟ ಪುಟ್ಟಸ್ವಾಮಯ್ಯ, ಡಾ. ರಾಜ್‌ಕುಮಾರ್ ಅವರ ತಂದೆ. ಇದೇ ತಾಲ್ಲೂಕಿನ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟನ್ನರು ತಮ್ಮ ಬೌದ್ಧವಿಹಾರ ಕಟ್ಟಿಕೊಂಡು ಬಾಳುತ್ತಿದ್ದಾರೆ. ಇಷ್ಟು ಬಗೆಯ ಜನ ಒಂದೇ ಸಂತೆಯಲ್ಲಿ ಸೇರುವ ಊರುಗಳಿವು.

ಈ ಸಮೃದ್ಧಿಯ ನಡುವೆ ಒಂದು ಕಳವಳ ಉಂಟು. ಬೀಸು ಕಂಸಾಳೆಗೆ ಬೇಡಿಕೆ ಇದೆ. ಕಾಲೇಜು ಹುಡುಗರು ಕಲಿಯುತ್ತಿದ್ದಾರೆ, ಮೆರವಣಿಗೆಗೆ ತಂಡಗಳು ಸಿಗುತ್ತವೆ. ಅದು ಸಂತೋಷದ ವಿಷಯವೇ. ಕುಗ್ಗುತ್ತಿರುವುದು ಕೂತು ಹಾಡುವ ಕಥೆ. ವೇದಿಕೆಯಲ್ಲಿ ಹತ್ತು ನಿಮಿಷ ಕೊಟ್ಟರೆ ಕುಣಿತ ಸಾಗುತ್ತದೆ, ಸಂಕಮ್ಮ ಬರಲಾರಳು. ರಾತ್ರಿಯಿಡೀ ಕೇಳುವ ಜನ ಕಡಿಮೆಯಾದಷ್ಟೂ ಸಾಲುಗಳು ಗುಡ್ಡರ ನೆನಪಿನಿಂದಲೇ ಜಾರುತ್ತವೆ. ಪುಸ್ತಕದಲ್ಲಿ ಅಚ್ಚಾದದ್ದು ಉಳಿಯುತ್ತದೆ, ನಿಜ. ಆದರೆ ಒಬ್ಬೊಬ್ಬ ಗಾಯಕ ಒಂದೊಂದು ಸಲ ಬೇರೆಯಾಗಿ ಕಟ್ಟುವ ಆ ಕಥೆ ಅಚ್ಚಿನಲ್ಲಿ ಸಿಗುವುದಿಲ್ಲ.

ರಾಜ್ಯೋತ್ಸವ, ದಸರಾ ಸಮಿತಿಗಳು ಕಂಸಾಳೆಯವರನ್ನು ಮೆರವಣಿಗೆಯ ಮುಂದೆ ನಡೆಸಿ ಕಳಿಸುವ ಬದಲು, ಒಂದು ಇಡೀ ರಾತ್ರಿಯನ್ನು ಒಂದೇ ಸಾಲಿಗೆ ಮೀಸಲಿಡಲಿ. ಗುಡ್ಡರಿಗೂ ನೀಲಗಾರರಿಗೂ ಆ ರಾತ್ರಿಗೆ ತಕ್ಕ ಸಂಭಾವನೆ ಕೊಡಲಿ. ಈ ದೀಪಾವಳಿಗೆ ಬೆಟ್ಟಕ್ಕೆ ಹೋಗುವವರು ದರ್ಶನ ಮುಗಿದ ಕೂಡಲೇ ಬಸ್ಸಿನ ಕಡೆ ಓಡಬೇಡಿ. ಎಲ್ಲಾದರೂ ದಮ್ಮಡಿಯ ಸದ್ದು ಕೇಳಿದರೆ ಅಲ್ಲಿ ಕೂತು, ಒಂದು ಸಾಲನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಹಾಡಿದವರ ಜೋಳಿಗೆಗೆ ಕೈಲಾದಷ್ಟು ಹಾಕಿ ಬನ್ನಿ.